ಕೆಂಪು ಟೋಪಿ ಇದೆ, ಮತವಿಲ್ಲ: ಕಾರ್ಡಿನಲ್ ಬೆಚ್ಚೂ ಪ್ರಕರಣದ ಗೋಜಲು

ವ್ಯಾಟಿಕನ್ ಕೋರ್ಟಿನ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಒಂದೆರಡು ಪ್ಯಾರಾಕ್ಕೆ ಮುಗಿದುಹೋಗುತ್ತದೆ. ಓದಿದ ಮೇಲೆ ಗೊಂದಲವೇ ಜಾಸ್ತಿ. ಕಾರ್ಡಿನಲ್ ಎಂದರೆ ಕ್ಯಾಥೊಲಿಕ್ ಚರ್ಚಿನಲ್ಲಿ ಪೋಪ್ ನಂತರದ ಉನ್ನತ ಪದವಿ, ಹೊಸ ಪೋಪ್‌ರನ್ನು ಆರಿಸುವವರು ಇವರೇ. ಇಟಲಿಯ ಕಾರ್ಡಿನಲ್ ಆಂಜೆಲೊ ಬೆಚ್ಚೂ ಅವರಿಗೆ 2023ರ ಡಿಸೆಂಬರ್‌ನಲ್ಲಿ ಐದೂವರೆ ವರ್ಷದ ಜೈಲು ಶಿಕ್ಷೆಯಾಯಿತು. ಆದರೆ ಅವರು ಜೈಲಿಗೆ ಹೋಗಲಿಲ್ಲ. ಅವರು ಈಗಲೂ ಕಾರ್ಡಿನಲ್. ಆದರೆ 2025ರ ಮೇ ತಿಂಗಳಲ್ಲಿ ಹೊಸ ಪೋಪ್ ಆಯ್ಕೆಯಾದಾಗ ಅವರಿಗೆ ಮತ ಇರಲಿಲ್ಲ. ಆ ವರ್ಷದ ಸೆಪ್ಟೆಂಬರ್ 22ರಂದು ಮೇಲ್ಮನವಿ ವಿಚಾರಣೆ ಶುರುವಾಯಿತು. ಅಲ್ಲಿ ಮೊದಲು ಪೆಟ್ಟು ತಿಂದಿದ್ದು ಆರೋಪಿ ಅಲ್ಲ, ಪ್ರಾಸಿಕ್ಯೂಟರ್.

ಇದೆಲ್ಲ ಹೇಗೆ ಸಾಧ್ಯ? ಉತ್ತರ ಬೆಚ್ಚೂ ಅವರ ವೃತ್ತಿಜೀವನದಲ್ಲಿ ಅರ್ಧ ಇದೆ. ಉಳಿದರ್ಧ ವ್ಯಾಟಿಕನ್ ಎಂಬ ರಾಜ್ಯ ನಡೆಯುವ ರೀತಿಯಲ್ಲಿದೆ.

ಹಳ್ಳಿಯಿಂದ ಪೋಪ್ ಪಕ್ಕದ ಕುರ್ಚಿಗೆ

ಬೆಚ್ಚೂ ಹುಟ್ಟಿದ್ದು 1948ರ ಜೂನ್ 2ರಂದು, ಸಾರ್ಡಿನಿಯಾ ದ್ವೀಪದ ಪಟ್ಟಾಡ ಎಂಬ ಊರಿನಲ್ಲಿ. ಕುರಿಗಾಹಿಗಳ ಸೀಮೆ ಅದು. ಮಡಚುವ ಚಾಕುಗಳಿಗೆ ಹೆಸರಾದ ಊರು. 1972ರಲ್ಲಿ ಗುರುದೀಕ್ಷೆ ಆಯಿತು. 1984ರಲ್ಲಿ ವ್ಯಾಟಿಕನ್ನಿನ ರಾಜತಾಂತ್ರಿಕ ಸೇವೆಗೆ ಸೇರಿದರು. 2001ರಲ್ಲಿ ಅಂಗೋಲಾಕ್ಕೆ ಪೋಪ್ ಅವರ ರಾಯಭಾರಿ, 2009ರಲ್ಲಿ ಕ್ಯೂಬಾಕ್ಕೆ. ಅಲ್ಲಿಯವರೆಗೆ ಇದು ಸಾಮಾನ್ಯ ಬಡ್ತಿಯ ಕಥೆ.

2011ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಬೆಚ್ಚೂ ಅವರನ್ನು ರೋಮಿಗೆ ಕರೆಸಿ ‘ಸೊಸ್ತಿತೂತೊ’ ಹುದ್ದೆಗೆ ಕೂರಿಸಿದರು. ಆಡಳಿತದ ಕೇಂದ್ರ ಕಚೇರಿಯಾದ ಸೆಕ್ರೆಟರಿಯೇಟ್ ಆಫ್ ಸ್ಟೇಟ್‌ನಲ್ಲಿ ಇದು ಎರಡನೇ ಸ್ಥಾನ. ಕಾಗದದ ಮೇಲೆ ಎರಡನೆಯದು, ದಿನನಿತ್ಯದ ಕೆಲಸದಲ್ಲಿ ಮೊದಲನೆಯದು ಎಂದರೂ ತಪ್ಪಿಲ್ಲ. ಪೋಪ್ ಮುಂದೆ ಯಾವ ಫೈಲು ಹೋಗಬೇಕು, ಯಾರಿಗೆ ಭೇಟಿ ಸಿಗಬೇಕು ಎಂಬುದೆಲ್ಲ ಈ ಮೇಜಿನ ಮೇಲೆ ಹಾದು ಹೋಗುತ್ತದೆ. ಆ ಕಚೇರಿಗೆ ಅದರದ್ದೇ ಆದ ನೂರಾರು ಮಿಲಿಯನ್ ಯೂರೋ ನಿಧಿಯೂ ಇತ್ತು. ಅದರ ಲೆಕ್ಕ ಹೊರಗಿನವರ ಕಣ್ಣಿಗೆ ಬೀಳುತ್ತಿರಲಿಲ್ಲ.

2013ರಲ್ಲಿ ಬಂದ ಪೋಪ್ ಫ್ರಾನ್ಸಿಸ್ ಬೆಚ್ಚೂ ಅವರನ್ನು ಅಲ್ಲೇ ಮುಂದುವರಿಸಿದರು. ನಂಬಿಕೆ ಎಷ್ಟಿತ್ತು ಎಂದರೆ, 2017ರಲ್ಲಿ ಆರ್ಡರ್ ಆಫ್ ಮಾಲ್ಟಾ ಎಂಬ ಹಳೆಯ ಕ್ಯಾಥೊಲಿಕ್ ಸಂಘಟನೆಯ ಒಳಜಗಳ ತಾರಕಕ್ಕೆ ಹೋದಾಗ ತಮ್ಮ ವಿಶೇಷ ಪ್ರತಿನಿಧಿಯಾಗಿ ಕಳಿಸಿದ್ದು ಇವರನ್ನೇ. 2018ರ ಜೂನ್‌ನಲ್ಲಿ ಕಾರ್ಡಿನಲ್ ಪದವಿ ಸಿಕ್ಕಿತು. ಜೊತೆಗೆ ಸಂತ ಪದವಿಯ ಅರ್ಜಿಗಳನ್ನು ಪರಿಶೀಲಿಸುವ ಇಲಾಖೆಯ ಮುಖ್ಯಸ್ಥರೂ ಆದರು. ಮುಂದಿನ ಪೋಪ್ ಆಗಬಹುದಾದವರ ಪಟ್ಟಿಯಲ್ಲಿ ಕೆಲವರು ಅವರ ಹೆಸರನ್ನೂ ಸೇರಿಸಿದ್ದರು.

ರೋಮಿನ ಇಲಾಖೆಗಳಲ್ಲಿ ಮೇಲೇರಿದ ಕಾರ್ಡಿನಲ್‌ಗಳು ಕರ್ನಾಟಕಕ್ಕೆ ಪೂರ್ತಿ ಅಪರಿಚಿತರೇನಲ್ಲ. ಬೆಂಗಳೂರಿನ ಆರ್ಚ್‌ಬಿಷಪ್ ಆಗಿದ್ದ ಸೈಮನ್ ಲೂರ್ದುಸಾಮಿ 1970ರ ದಶಕದ ಶುರುವಿನಲ್ಲಿ ರೋಮಿಗೆ ಹೋದರು. 1985ರಲ್ಲಿ ಕಾರ್ಡಿನಲ್ ಆಗಿ, ಪೌರ್ವಾತ್ಯ ಸಭೆಗಳ ಇಲಾಖೆ ನಡೆಸಿದರು. ಧರ್ಮಪ್ರಾಂತ್ಯ ನೋಡಿಕೊಳ್ಳುವ ಕಾರ್ಡಿನಲ್ ಬೇರೆ, ರೋಮಿನಲ್ಲಿ ಕುಳಿತು ಇಲಾಖೆ ನಡೆಸುವ ಕಾರ್ಡಿನಲ್ ಬೇರೆ. ಬೆಚ್ಚೂ ಎರಡನೇ ಜಾತಿಗೆ ಸೇರಿದವರು. ಅವರ ಶಕ್ತಿ ಬಂದಿದ್ದು ಪೋಪ್ ಅವರ ವಿಶ್ವಾಸದಿಂದ, ಹೋಗಿದ್ದೂ ಅಲ್ಲಿಂದಲೇ.

ಲಂಡನ್ನಿನ ಗೋದಾಮು

ಪ್ರಕರಣದ ಹೊಟ್ಟೆಯಲ್ಲಿರುವುದು ಲಂಡನ್ನಿನ ಚೆಲ್ಸಿ ಪ್ರದೇಶದ ಒಂದು ಕಟ್ಟಡ. ವಿಳಾಸ 60, ಸ್ಲೋನ್ ಅವೆನ್ಯೂ. ಹಿಂದೆ ಹ್ಯಾರಡ್ಸ್ ಅಂಗಡಿಯ ಗೋದಾಮಾಗಿತ್ತು. ವ್ಯಾಟಿಕನ್ ಅದರ ತನಕ ಹೋಗಿದ್ದು ಸುತ್ತು ದಾರಿಯಲ್ಲಿ.

ಅಂಗೋಲಾದಲ್ಲಿ ಬೆಚ್ಚೂಗೆ ಪರಿಚಯವಿದ್ದ ಉದ್ಯಮಿಯೊಬ್ಬರು ಅಲ್ಲಿನ ತೈಲ ಯೋಜನೆಯಲ್ಲಿ ಹಣ ಹಾಕಿ ಎಂದು ಕೇಳಿದ್ದರು. ಅದು ಲಾಭವೋ ನಷ್ಟವೋ ನೋಡಲು ರಫಾಯೆಲೆ ಮಿಂಚೋನೆ ಎಂಬ ಹಣಕಾಸು ವ್ಯವಹಾರಸ್ಥರನ್ನು ಹಿಡಿದರು. ತೈಲದ ಯೋಜನೆ ಬಿದ್ದುಹೋಯಿತು, ಮಿಂಚೋನೆ ಉಳಿದುಕೊಂಡರು. ಅವರು ನಡೆಸುತ್ತಿದ್ದ ‘ಅಥೇನಾ’ ನಿಧಿಗೆ ಸೆಕ್ರೆಟರಿಯೇಟ್ ಸುಮಾರು 20 ಕೋಟಿ ಡಾಲರ್ ಹಾಕಿತು. ಈ ದುಡ್ಡು ಕೈಯಲ್ಲಿದ್ದ ನಗದಲ್ಲ. ಸ್ವಿಸ್ ಬ್ಯಾಂಕುಗಳಲ್ಲಿದ್ದ ಆಸ್ತಿಯನ್ನು ಆಧಾರವಾಗಿಟ್ಟು ಎತ್ತಿದ ಸಾಲ. 2014ರ ಹೊತ್ತಿಗೆ ಲಂಡನ್ ಕಟ್ಟಡದಲ್ಲಿ ವ್ಯಾಟಿಕನ್ನಿಗೆ ಶೇಕಡ 45ರಷ್ಟು ಪಾಲು ಬಂದಿತ್ತು. ಉಳಿದ ದುಡ್ಡು ಅಪಾಯದ ಹೂಡಿಕೆಗಳಲ್ಲಿತ್ತು.

ನಿಧಿ ನಷ್ಟ ಕಂಡಿತು. 2018ರ ಕೊನೆಗೆ ಸೆಕ್ರೆಟರಿಯೇಟ್ ಮಿಂಚೋನೆಯಿಂದ ಬಿಡಿಸಿಕೊಳ್ಳಲು ಹೊರಟಿತು. ಅವರಿಗೆ 4 ಕೋಟಿ ಪೌಂಡ್ ಕೊಟ್ಟು ಪೂರ್ತಿ ಕಟ್ಟಡ ತನ್ನದಾಗಿಸಿಕೊಳ್ಳುವ ಯೋಜನೆ ಅದು. ನಡುವೆ ಜಾನ್‌ಲುಯಿಜಿ ಟೋರ್ಟ್ಸಿ ಎಂಬ ಮಧ್ಯವರ್ತಿ ಬಂದರು. ಅವರ ಕಂಪನಿಯ ಹೆಸರಿನಲ್ಲಿ 31,000 ಶೇರುಗಳು ರಚನೆಯಾದವು. 30,000 ವ್ಯಾಟಿಕನ್ನಿಗೆ, 1,000 ಟೋರ್ಟ್ಸಿಗೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಮತಾಧಿಕಾರ ಇದ್ದಿದ್ದು ಆ 1,000 ಶೇರುಗಳಿಗೆ ಮಾತ್ರ. ಕಟ್ಟಡದ ದುಡ್ಡು ಕೊಟ್ಟವರು ಒಬ್ಬರು, ಹಿಡಿತ ಇದ್ದಿದ್ದು ಇನ್ನೊಬ್ಬರ ಕೈಲಿ. ಆ ಹಿಡಿತ ಬಿಡಿಸಿಕೊಳ್ಳಲು 2019ರಲ್ಲಿ ಟೋರ್ಟ್ಸಿಗೆ 1.5 ಕೋಟಿ ಯೂರೋ ಕೊಡಬೇಕಾಯಿತು. ಇದನ್ನು ಪ್ರಾಸಿಕ್ಯೂಷನ್ ಸುಲಿಗೆ ಎಂದಿತು. ಟೋರ್ಟ್ಸಿ ಅದನ್ನು ಅಲ್ಲಗಳೆದರು.

ಒಟ್ಟು ಖರ್ಚು ಸುಮಾರು 35 ಕೋಟಿ ಯೂರೋ ದಾಟಿತು. 2022ರಲ್ಲಿ ಕಟ್ಟಡವನ್ನು ಬೇನ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿಗೆ ಮಾರಿದಾಗ ಸಿಕ್ಕಿದ್ದು 18.6 ಕೋಟಿ ಪೌಂಡ್. ನಷ್ಟ 10 ಕೋಟಿ ಯೂರೋಗಿಂತ ಜಾಸ್ತಿ.

ಇಲ್ಲಿ ಒಂದು ದಿನಾಂಕ ಗಮನಿಸಬೇಕು. ಬೆಚ್ಚೂ ಸೊಸ್ತಿತೂತೊ ಹುದ್ದೆ ಬಿಟ್ಟಿದ್ದು 2018ರ ಜೂನ್‌ನಲ್ಲಿ. ಟೋರ್ಟ್ಸಿಯ ಶೇರು ಒಪ್ಪಂದ ಆಗಿದ್ದು ಅದೇ ವರ್ಷದ ನವೆಂಬರ್‌ನಲ್ಲಿ, ಅವರ ನಂತರ ಬಂದ ಎಡ್ಗರ್ ಪೆನ್ಯಾ ಪಾರಾ ಅವರ ಕಾಲದಲ್ಲಿ. ಪತ್ರಿಕೆಗಳು ‘ಲಂಡನ್ ಕಟ್ಟಡ ಹಗರಣ’ ಎಂದು ಒಟ್ಟಿಗೆ ಕಟ್ಟುವ ಕಂತೆಯಲ್ಲಿ ಬೆಚ್ಚೂಗೆ ಸೇರಿದ್ದು ಮೊದಲ ಭಾಗ ಮಾತ್ರ.

ಕನ್ಯಾಸ್ತ್ರೀ ಬಿಡುಗಡೆ ಮತ್ತು ತಮ್ಮನ ಸಂಸ್ಥೆ

ಇನ್ನೆರಡು ಆರೋಪಗಳ ಮೊತ್ತ ಸಣ್ಣದು. ಜನರ ನೆನಪಿನಲ್ಲಿ ಕುಳಿತಿರುವುದು ಮಾತ್ರ ಅವೇ.

2017ರಲ್ಲಿ ಕೊಲಂಬಿಯಾದ ಕನ್ಯಾಸ್ತ್ರೀ ಗ್ಲೋರಿಯಾ ಸೆಸಿಲಿಯಾ ನರ್ವಾಯೆಸ್ ಅವರನ್ನು ಮಾಲಿ ದೇಶದಲ್ಲಿ ಉಗ್ರರು ಅಪಹರಿಸಿದರು. ಅವರನ್ನು ಬಿಡಿಸುವ ಕೆಲಸಕ್ಕೆಂದು ಚೆಚಿಲಿಯಾ ಮರೋನ್ಯಾ ಎಂಬ ಮಹಿಳೆಯ ಸ್ಲೊವೇನಿಯಾದ ಕಂಪನಿಗೆ 5,75,000 ಯೂರೋ ಹೋಯಿತು. ಅದರಲ್ಲಿ ಬಹುಪಾಲು ದುಬಾರಿ ಬಟ್ಟೆಬರೆ, ಬ್ಯಾಗು, ಪ್ರವಾಸಕ್ಕೆ ಖರ್ಚಾಯಿತು ಎನ್ನುವುದು ಪ್ರಾಸಿಕ್ಯೂಷನ್ ವಾದ. ಕನ್ಯಾಸ್ತ್ರೀ 2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದರು. ಈ ಕೆಲಸಕ್ಕೆ ಪೋಪ್ ಅವರೇ ಒಪ್ಪಿಗೆ ಕೊಟ್ಟಿದ್ದರು ಎನ್ನುತ್ತಾರೆ ಬೆಚ್ಚೂ.

ಅದನ್ನು ಸಾಬೀತು ಮಾಡಲು ಅವರು ಮಾಡಿದ ಒಂದು ಕೆಲಸ ಅವರಿಗೇ ತಿರುಗಿಬಿತ್ತು. 2021ರ ಜುಲೈನಲ್ಲಿ ಫ್ರಾನ್ಸಿಸ್ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಗಷ್ಟೇ ಮನೆಗೆ ಮರಳಿದ್ದರು. ವಿಚಾರಣೆ ಶುರುವಾಗಲು ಕೆಲವೇ ದಿನ ಇತ್ತು. ಬೆಚ್ಚೂ ಫೋನ್ ಮಾಡಿ, ನೀವು ಒಪ್ಪಿದ್ದು ನಿಜ ತಾನೆ ಎಂದು ಕೇಳಿದರು. ಆ ಕರೆ ಪೋಪ್ ಅವರಿಗೆ ಗೊತ್ತಿಲ್ಲದೆ ರೆಕಾರ್ಡ್ ಆಯಿತು. ಮುಂದೆ ಕೋರ್ಟಿನಲ್ಲಿ ಅದನ್ನು ಕೇಳಿಸಲಾಯಿತು. ಕಾನೂನಿನ ಮಾತು ಹಾಗಿರಲಿ, ನಂಬಿಕೆಯ ಮೇಲೆ ನಿಂತ ಸಂಬಂಧದಲ್ಲಿ ಅದಕ್ಕಿಂತ ದೊಡ್ಡ ಎಡವಟ್ಟು ಇರಲಿಕ್ಕಿಲ್ಲ.

ಮೂರನೆಯದು ಸಾರ್ಡಿನಿಯಾದ್ದು. ಅವರ ಹುಟ್ಟೂರಿನ ಧರ್ಮಪ್ರಾಂತ್ಯ ಒಜಿಯೇರಿ. ಅಲ್ಲಿನ ‘ಸ್ಪೆಸ್’ ಸಹಕಾರ ಸಂಘದ ಮುಖ್ಯಸ್ಥ ಬೆಚ್ಚೂ ಅವರ ಸಹೋದರ. ಸೆಕ್ರೆಟರಿಯೇಟ್ ನಿಧಿಯಿಂದ ಅದಕ್ಕೆಂದು 1,25,000 ಯೂರೋ ಹೋಗಿತ್ತು. ಸಂಘ ಮಾಡುತ್ತಿದ್ದ ಕೆಲಸ ಒಳ್ಳೆಯದೇ, ವಲಸಿಗರಿಗೆ ಮತ್ತು ಬಡವರಿಗೆ ಉದ್ಯೋಗ ಕೊಡುವುದು. ಕೋರ್ಟು ಕೇಳಿದ್ದು ಬೇರೆ ಪ್ರಶ್ನೆ. ಸಾರ್ವಜನಿಕ ಹಣವನ್ನು ತನ್ನ ಮನೆಯವರು ನಡೆಸುವ ಸಂಸ್ಥೆಗೆ ಕೊಡಬಹುದೇ?

ಪದವಿ ಉಳಿದು ಹಕ್ಕು ಹೋಗಿದ್ದು ಹೇಗೆ

ಆ ಮೂರನೇ ಸಂಗತಿಯೇ ಅವರನ್ನು ಮೊದಲು ಉರುಳಿಸಿತು. 2020ರ ಸೆಪ್ಟೆಂಬರ್ 24ರ ಸಂಜೆ ಸಂತ ಪದವಿಯ ಫೈಲುಗಳನ್ನು ಹಿಡಿದು ಪೋಪ್ ಬಳಿ ಹೋದ ಬೆಚ್ಚೂ, ಹುದ್ದೆ ಕಳೆದುಕೊಂಡು ಹೊರಬಂದರು. ಹುದ್ದೆಗೆ ರಾಜೀನಾಮೆ ಮತ್ತು ಕಾರ್ಡಿನಲ್ ಪದವಿಗೆ ಸೇರಿದ ಹಕ್ಕುಗಳ ತ್ಯಾಗ, ಎರಡನ್ನೂ ಪೋಪ್ ಅಂಗೀಕರಿಸಿದ್ದಾರೆ ಎಂದು ವ್ಯಾಟಿಕನ್ ಒಂದೇ ಸಾಲಿನಲ್ಲಿ ಪ್ರಕಟಿಸಿತು. ಅಂದರೆ ಕೆಂಪು ಟೋಪಿ ಉಳಿಯಿತು, ಅದರ ಜೊತೆ ಬರುವ ಅಧಿಕಾರ ಹೋಯಿತು. ವಿಚಾರಣೆ ಇನ್ನೂ ಶುರುವೇ ಆಗಿರಲಿಲ್ಲ.

ಇಂಥದ್ದು ಇದೇ ಮೊದಲಲ್ಲ. ಸ್ಕಾಟ್ಲೆಂಡಿನ ಕೀತ್ ಓಬ್ರೈನ್ 2015ರಲ್ಲಿ ಹಕ್ಕುಗಳನ್ನು ಬಿಟ್ಟುಕೊಟ್ಟು ಪದವಿ ಉಳಿಸಿಕೊಂಡಿದ್ದರು. ಅಮೆರಿಕದ ಥಿಯೊಡೋರ್ ಮೆಕ್ಯಾರಿಕ್ 2018ರಲ್ಲಿ ಪದವಿಯನ್ನೇ ಕಳೆದುಕೊಂಡರು. ಆದರೆ ಬೆಚ್ಚೂ ವಿಷಯದಲ್ಲಿ ಫ್ರಾನ್ಸಿಸ್ ಕೊಟ್ಟ ಸೂಚನೆಗಳು ಎರಡು ದಿಕ್ಕಿಗೆ ಎಳೆಯುತ್ತಿದ್ದವು. 2021ರ ಪವಿತ್ರ ಗುರುವಾರದಂದು ಅವರ ಮನೆಗೇ ಹೋಗಿ ಬಲಿಪೂಜೆ ಅರ್ಪಿಸಿದರು. 2022ರ ಆಗಸ್ಟ್‌ನಲ್ಲಿ ಕಾರ್ಡಿನಲ್‌ಗಳ ಸಭೆಗೆ ಕರೆದರು. ಹಕ್ಕುಗಳು ವಾಪಸ್ ಬಂದವೇ? ಬೆಚ್ಚೂ ಹಾಗೆಯೇ ಅರ್ಥಮಾಡಿಕೊಂಡರು. ವ್ಯಾಟಿಕನ್ನಿನ ಅಧಿಕೃತ ಪಟ್ಟಿ ಮಾತ್ರ ಅವರನ್ನು ಮತವಿಲ್ಲದವರ ಸಾಲಿನಲ್ಲೇ ಇಟ್ಟಿತ್ತು.

2025ರ ಏಪ್ರಿಲ್ 21ರಂದು ಫ್ರಾನ್ಸಿಸ್ ತೀರಿಕೊಂಡಾಗ ಈ ಗೊಂದಲ ಬೀದಿಗೆ ಬಂತು. ಪೋಪ್ ಆಯ್ಕೆಯ ನಿಯಮಗಳನ್ನು 1996ರಲ್ಲಿ ಎರಡನೇ ಜಾನ್ ಪಾಲ್ ಬರೆದಿದ್ದಾರೆ. 80 ವರ್ಷ ದಾಟದ ಪ್ರತಿ ಕಾರ್ಡಿನಲ್‌ಗೂ ಮತ ಇದೆ, ಯಾವ ಕಾರಣಕ್ಕೂ ಅದನ್ನು ತಡೆಯುವಂತಿಲ್ಲ ಎನ್ನುತ್ತದೆ ಅದು. ವಿಧಿವತ್ತಾಗಿ ಪದಚ್ಯುತರಾದವರು ಮತ್ತು ಪೋಪ್ ಒಪ್ಪಿಗೆಯಿಂದ ಪದವಿ ತ್ಯಜಿಸಿದವರು ಮಾತ್ರ ಹೊರಗೆ. ಬೆಚ್ಚೂಗೆ ಆಗ 76. ಪದಚ್ಯುತರೂ ಅಲ್ಲ, ಪದವಿ ತ್ಯಜಿಸಿದವರೂ ಅಲ್ಲ. ನಿಯಮದ ಅಕ್ಷರ ಹಿಡಿದರೆ ಅವರ ವಾದಕ್ಕೆ ಬಲವಿತ್ತು ಎಂದೇ ಹೇಳಬೇಕು.

ಆಗ ಫ್ರಾನ್ಸಿಸ್ ಕಾಲದಲ್ಲಿ ಸೆಕ್ರೆಟರಿಯೇಟ್‌ನ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಪಿಯೆತ್ರೊ ಪರೋಲಿನ್ ಎರಡು ಪತ್ರ ತೋರಿಸಿದರು. ಫ್ರಾನ್ಸಿಸ್ ಬರೆಸಿದ್ದ ಪತ್ರಗಳು, ಕೆಳಗೆ ‘ಎಫ್’ ಎಂಬ ಒಂದಕ್ಷರದ ಸಹಿ. ಒಂದು 2023ರದ್ದು, ಇನ್ನೊಂದು 2025ರ ಮಾರ್ಚ್‌ನದ್ದು, ಅಂದರೆ ಪೋಪ್ ಕಾಯಿಲೆಯಲ್ಲಿದ್ದ ಕಾಲದ್ದು. ಪೋಪ್ ಆಯ್ಕೆಗೆ ಬೆಚ್ಚೂ ಒಳಗೆ ಹೋಗಬಾರದು ಎನ್ನುವುದು ಎರಡರ ಸಾರ. ಏಪ್ರಿಲ್ 29ರಂದು ಬೆಚ್ಚೂ ಹಿಂದೆ ಸರಿದರು. ಧರ್ಮಸಭೆಯ, ಅಂದರೆ ಚರ್ಚಿನ, ಒಳಿತಿಗಾಗಿ ಪೋಪ್ ಇಚ್ಛೆಗೆ ತಲೆಬಾಗುತ್ತೇನೆ, ಆದರೆ ನಾನು ನಿರಪರಾಧಿ ಎಂಬ ಮಾತಿನಲ್ಲಿ ಬದಲಾವಣೆ ಇಲ್ಲ ಎಂದರು. 133 ಕಾರ್ಡಿನಲ್‌ಗಳು ಪೋಪ್ ಆಯ್ಕೆ ನಡೆಯುವ ಸಿಸ್ಟೈನ್ ಚಾಪೆಲ್ ಒಳಗೆ ಹೋದರು. ಮೇ 8ರಂದು 14ನೇ ಲಿಯೊ ಹೊರಬಂದರು.

ಅವರು ಹಿಂದೆ ಸರಿಯದಿದ್ದರೆ ಏನಾಗುತ್ತಿತ್ತು? ಹಕ್ಕಿಲ್ಲದವರೊಬ್ಬರು ಮತ ಹಾಕಿದರು ಎಂದೋ, ಹಕ್ಕಿದ್ದವರೊಬ್ಬರನ್ನು ತಡೆದರು ಎಂದೋ, ಹೊಸ ಪೋಪ್ ಆಯ್ಕೆಯ ಮೇಲೆಯೇ ಪ್ರಶ್ನೆ ಎತ್ತಲು ಒಂದು ನೆಪ ಸಿಗುತ್ತಿತ್ತು. ಇಂಥ ನೆಪಕ್ಕಾಗಿ ಕಾಯುತ್ತಿದ್ದವರು ಸಭೆಯೊಳಗೆ ಕಡಿಮೆ ಇರಲಿಲ್ಲ.

ತೀರ್ಪು ಏನು ಹೇಳಿತು

ವಿಚಾರಣೆ 2021ರ ಜುಲೈ 27ರಂದು ಶುರುವಾಗಿ ಎರಡೂವರೆ ವರ್ಷ ನಡೆಯಿತು. 10 ಆರೋಪಿಗಳು, 86 ದಿನಗಳ ಕಲಾಪ. ನ್ಯಾಯಪೀಠದ ಮುಖ್ಯಸ್ಥ ಜುಸೆಪ್ಪೆ ಪಿನ್ಯಾತೋನೆ ಇಟಲಿಯಲ್ಲಿ ಮಾಫಿಯಾ ವಿರುದ್ಧ ಹೋರಾಡಿ ಹೆಸರಾದ ಪ್ರಾಸಿಕ್ಯೂಟರ್ ಆಗಿದ್ದವರು. 2023ರ ಡಿಸೆಂಬರ್ 16ರಂದು ತೀರ್ಪು ಬಂತು. ಬೆಚ್ಚೂಗೆ ಐದು ವರ್ಷ ಆರು ತಿಂಗಳು ಜೈಲು, 8,000 ಯೂರೋ ದಂಡ, ಸರ್ಕಾರಿ ಹುದ್ದೆಗಳಿಂದ ಕಾಯಂ ನಿಷೇಧ. ವ್ಯಾಟಿಕನ್ ಕೋರ್ಟಿನಲ್ಲಿ ಹೀಗೆ ಶಿಕ್ಷೆಗೆ ಗುರಿಯಾದ ಮೊದಲ ಕಾರ್ಡಿನಲ್ ಅವರು. ಮೇಲ್ಮನವಿ ಬಾಕಿ ಇರುವ ತನಕ ಶಿಕ್ಷೆ ಜಾರಿಯಾಗುವುದಿಲ್ಲ, ಅದಕ್ಕೇ ಜೈಲು ಇಲ್ಲ.

ಬೆಚ್ಚೂ ಜೇಬಿಗೆ ದುಡ್ಡು ಹಾಕಿಕೊಂಡರು ಎಂದು ಕೋರ್ಟು ಹೇಳಲಿಲ್ಲ. ಲಂಡನ್ ವಿಷಯದಲ್ಲಿ ಅವರ ತಪ್ಪು ಬೇರೆ. ಸೆಕ್ರೆಟರಿಯೇಟ್‌ನ ಒಟ್ಟು ನಿಧಿಯ ಸುಮಾರು ಮೂರನೇ ಒಂದು ಭಾಗವನ್ನು ಜೂಜಿನಂಥ ನಿಧಿಯಲ್ಲಿ ಹಾಕಿದ್ದೇ ಅಪರಾಧ ಎಂದಿತು. ಸಭೆಯ ಆಸ್ತಿಯನ್ನು ಮನೆಯ ಯಜಮಾನನಂತೆ ಜೋಪಾನ ಮಾಡಬೇಕು ಎಂದು ಧರ್ಮಸಭೆಯ ಕಾನೂನಿನ 1284ನೇ ಕಲಮು ಹೇಳುತ್ತದೆ. ಅದನ್ನು ಮುರಿದು ಹಣ ಬಳಸಿದರೆ, ಸ್ವಂತಕ್ಕೆ ಲಾಭ ಬರದಿದ್ದರೂ ಅದು ಸಾರ್ವಜನಿಕ ಹಣದ ದುರುಪಯೋಗ ಎನ್ನುವುದು ತರ್ಕ. ಅಧಿಕಾರ ದುರ್ಬಳಕೆ, ಸಾಕ್ಷಿಯ ಮೇಲೆ ಒತ್ತಡದಂಥ ಕೆಲವು ಆರೋಪಗಳು ನಿಲ್ಲಲಿಲ್ಲ.

ಇದನ್ನು ಎರಡು ರೀತಿ ಓದಬಹುದು. ಭಕ್ತರ ಕಾಣಿಕೆಯೂ ಸೇರಿರುವ ನಿಧಿಯಲ್ಲಿ ಇಷ್ಟು ಎಚ್ಚರ ಬೇಕೇ ಬೇಕು ಎನ್ನಬಹುದು. ಸಂತ ಪೇತ್ರರ ಹಬ್ಬದ ಹೊತ್ತಿಗೆ ಜಗತ್ತಿನ ಚರ್ಚುಗಳಲ್ಲಿ ಪೋಪ್ ಹೆಸರಿನಲ್ಲಿ ಸಂಗ್ರಹವಾಗುವ ‘ಪೀಟರ್ಸ್ ಪೆನ್ಸ್’ ಕಾಣಿಕೆಯನ್ನು ನಿರ್ವಹಿಸುತ್ತಿದ್ದದ್ದೂ ಇದೇ ಕಚೇರಿ. ಇನ್ನೊಂದು ಕಡೆ, ಕೆಟ್ಟ ಹೂಡಿಕೆ ಮಾಡಿದವರೆಲ್ಲ ಅಪರಾಧಿಗಳಾದರೆ ಬ್ಯಾಂಕ್ ನಡೆಸುವವರು ಯಾರು ಎಂದು ಕೇಳಬಹುದು. ಮೇಲ್ಮನವಿಯಲ್ಲಿ ವಕೀಲರು ಒತ್ತುತ್ತಿರುವ ಜಾಗಗಳಲ್ಲಿ ಇದೂ ಒಂದು.

ಬೆಳಕಿಗೆ ಬಾರದ ನಾಲ್ಕು ಆದೇಶಗಳು

ಆದರೆ ದೊಡ್ಡ ಜಗಳ ಇರುವುದು ಬೆಚ್ಚೂ ಏನು ಮಾಡಿದರು ಎಂಬುದರ ಬಗ್ಗೆ ಅಲ್ಲ. ಫ್ರಾನ್ಸಿಸ್ ಏನು ಮಾಡಿದರು ಎಂಬುದರ ಬಗ್ಗೆ.

2019ರ ಜುಲೈನಿಂದ 2020ರ ಫೆಬ್ರವರಿಯ ನಡುವೆ ಫ್ರಾನ್ಸಿಸ್ ನಾಲ್ಕು ಆದೇಶಗಳಿಗೆ ಸಹಿ ಹಾಕಿದರು. ಈ ತನಿಖೆಗೆ ಮಾತ್ರ ಅನ್ವಯಿಸುವ ಆದೇಶಗಳು. ಫೋನ್ ಕದ್ದಾಲಿಸಲು, ಬೇಕಾದ ಕಡೆ ಇರುವ ಕಾನೂನನ್ನೇ ಬದಿಗಿಡಲು ಪ್ರಾಸಿಕ್ಯೂಟರ್‌ಗೆ ಅಧಿಕಾರ ಸಿಕ್ಕಿತು. ಇವು ಎಲ್ಲೂ ಪ್ರಕಟವಾಗಲಿಲ್ಲ. ಆರೋಪಿಗಳ ವಕೀಲರಿಗೆ ಇವುಗಳ ಬಗ್ಗೆ ಗೊತ್ತಾಗಿದ್ದು ಪ್ರಕರಣ ಕೋರ್ಟಿಗೆ ಬಂದ ಮೇಲೆ. ತನಿಖೆ ನಡೆಯುತ್ತಿದ್ದಾಗ ತಮ್ಮ ಮೇಲೆ ಯಾವ ನಿಯಮ ಓಡುತ್ತಿದೆ ಎಂಬುದೇ ಆರೋಪಿಗಳಿಗೆ ತಿಳಿದಿರಲಿಲ್ಲ.

ಇದರ ಮೇಲೆ ಇನ್ನೊಂದು. ಅದುವರೆಗೆ ಕಾರ್ಡಿನಲ್‌ಗಳ ವಿಚಾರಣೆ ಕಾರ್ಡಿನಲ್‌ಗಳೇ ಕೂರುವ ಅತ್ಯುನ್ನತ ಕೋರ್ಟಿನಲ್ಲಿ ಮಾತ್ರ ನಡೆಯಬೇಕಿತ್ತು. 2021ರ ಏಪ್ರಿಲ್ 30ರಂದು ಫ್ರಾನ್ಸಿಸ್ ಆ ನಿಯಮ ತೆಗೆದುಹಾಕಿದರು. ಪೋಪ್ ಒಪ್ಪಿಗೆ ಇದ್ದರೆ ಸಾಮಾನ್ಯ ಕೋರ್ಟೇ ಸಾಕು ಎಂದಾಯಿತು. ಮೂರೇ ತಿಂಗಳಲ್ಲಿ ಬೆಚ್ಚೂ ಆ ಸಾಮಾನ್ಯ ಕೋರ್ಟಿನಲ್ಲಿದ್ದರು. ಕಾರ್ಡಿನಲ್‌ಗೂ ಗುಮಾಸ್ತನಿಗೂ ಒಂದೇ ಕೋರ್ಟು ಎನ್ನುವುದು ತತ್ವವಾಗಿ ಸರಿಯೇ. ಬದಲಾವಣೆ ಬಂದ ಹೊತ್ತು ಮಾತ್ರ ಅನುಮಾನ ಹುಟ್ಟಿಸುತ್ತದೆ.

ವ್ಯಾಟಿಕನ್ 1929ರಲ್ಲಿ ಹುಟ್ಟಿದ, 44 ಹೆಕ್ಟೇರಿನ ರಾಜ್ಯ. ಅದರ ಅಪರಾಧ ಕಾನೂನಿನ ಬುಡ ಇಟಲಿಯ 1889ರ ಸಂಹಿತೆ. ಶಾಸನ, ಆಡಳಿತ, ನ್ಯಾಯ ಮೂರೂ ಅಧಿಕಾರ ಪೋಪ್ ಅವರದ್ದು. ಪೋಪ್ ಅವರನ್ನು ಯಾರೂ ವಿಚಾರಣೆ ಮಾಡುವಂತಿಲ್ಲ ಎಂದು ಸಭೆಯ ಕಾನೂನೇ ಹೇಳುತ್ತದೆ. ಈ ಪ್ರಕರಣದಲ್ಲಿ ದುಡ್ಡು ಕಳೆದುಕೊಂಡ ಕಚೇರಿ ಪೋಪ್ ಅವರದ್ದು, ತನಿಖೆಗೆ ಬಲ ಕೊಟ್ಟವರು ಪೋಪ್, ನ್ಯಾಯಾಧೀಶರನ್ನು ನೇಮಿಸುವವರು ಪೋಪ್. ದೂರು ಕೊಟ್ಟ ಊರಗೌಡನೇ ಪಂಚಾಯ್ತಿ ಕಟ್ಟೆಯ ಮೇಲೂ ಕುಳಿತರೆ, ತೀರ್ಪು ಸರಿಯಿದ್ದರೂ ಸೋತವನು ಒಪ್ಪುವುದಿಲ್ಲ.

ಪ್ರಾಸಿಕ್ಯೂಟರ್ ಅಲೆಸ್ಸಾಂಡ್ರೊ ಡಿಡ್ಡಿ ಮತ್ತು ತೀರ್ಪು ಕೊಟ್ಟ ನ್ಯಾಯಪೀಠದ ಉತ್ತರ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಪೋಪ್ ಶಾಸನಕರ್ತರೇ ಆಗಿರುವಾಗ ಅವರ ಆದೇಶ ಕಾನೂನುಬಾಹಿರ ಆಗುವುದಾದರೂ ಹೇಗೆ? ಹಳೆಯ ಕಾನೂನಿನಲ್ಲಿ ಫೋನ್ ಕದ್ದಾಲಿಕೆಯಂಥ ಸಾಧನಗಳಿಗೆ ಸರಿಯಾದ ವ್ಯವಸ್ಥೆಯೇ ಇರಲಿಲ್ಲ. ಆರೋಪಿಗಳಿಗೆ ವಕೀಲರು ಸಿಕ್ಕಿದರು, ಸಾಕ್ಷಿಗಳನ್ನು ಪ್ರಶ್ನಿಸಲು ಅವಕಾಶ ಸಿಕ್ಕಿತು, ಕಲಾಪ ಪತ್ರಕರ್ತರ ಮುಂದೆಯೇ ನಡೆಯಿತು. ಒಬ್ಬರ ಪೂರ್ತಿ ಖುಲಾಸೆಯೂ ಆಯಿತು. ಇದು ನಾಟಕದ ಕೋರ್ಟಾಗಿದ್ದರೆ ಅದೆಲ್ಲ ಇರುತ್ತಿರಲಿಲ್ಲ.

ನ್ಯಾಯವಾಗಿ ನೋಡಿದರೆ ಫ್ರಾನ್ಸಿಸ್ ಮುಂದೆ ಒಳ್ಳೆಯ ದಾರಿಯೇ ಇರಲಿಲ್ಲ. ದಶಕಗಳಿಂದ ಯಾರೂ ಮುಟ್ಟದ ಲೆಕ್ಕಪತ್ರ ಅದು. 2016ರಲ್ಲಿ ಹೊರಗಿನ ಸಂಸ್ಥೆಯೊಂದು ಲೆಕ್ಕ ತಪಾಸಣೆ ಶುರು ಮಾಡಿದಾಗ ಅದನ್ನು ತಡೆದಿದ್ದು ಸೆಕ್ರೆಟರಿಯೇಟೇ. ಆಗ ಸೊಸ್ತಿತೂತೊ ಆಗಿದ್ದವರು ಬೆಚ್ಚೂ. ಹಣಕಾಸು ಸುಧಾರಣೆ ನೋಡುತ್ತಿದ್ದ ಆಸ್ಟ್ರೇಲಿಯಾದ ಕಾರ್ಡಿನಲ್ ಜಾರ್ಜ್ ಪೆಲ್ ಅವರ ಜೊತೆ ಬೆಚ್ಚೂಗೆ ಬಂದ ಜಟಾಪಟಿ ಅಲ್ಲಿಂದ ಜೋರಾಯಿತು. ಮರುವರ್ಷ ಮುಖ್ಯ ಲೆಕ್ಕ ತಪಾಸಣಾಧಿಕಾರಿ ಲಿಬೆರೊ ಮಿಲೋನೆ ಕೆಲಸ ಬಿಡಬೇಕಾಯಿತು. ಒಳಗಿನ ಬಾಗಿಲುಗಳೆಲ್ಲ ಮುಚ್ಚಿದ್ದರಿಂದ ಪೋಪ್ ಗೋಡೆ ಒಡೆದರು. ಆದರೆ ಒಡೆದ ಗೋಡೆ ಯಾವುದು ಎಂದರೆ, ಆರೋಪಿಯನ್ನು ಕಾಯುವ ಗೋಡೆ. ಈಗ ಪ್ರಕರಣ ಅಲ್ಲಾಡುತ್ತಿರುವುದು ಅದೇ ಕಾರಣಕ್ಕೆ.

ಸಾಕ್ಷಿಯ ಹಿಂದೆ ಯಾರು?

ಇನ್ನೊಂದು ಬಿರುಕು ಮುಖ್ಯ ಸಾಕ್ಷಿ, ಪಾದ್ರಿ ಅಲ್ಬೆರ್ತೊ ಪೆರ್ಲಾಸ್ಕ ಅವರದ್ದು. ಸೆಕ್ರೆಟರಿಯೇಟ್‌ನಲ್ಲಿ ಹೂಡಿಕೆಯ ಕಾಗದಪತ್ರ ನೋಡುತ್ತಿದ್ದವರು ಅವರೇ. ಮೊದಲು ಶಂಕಿತರ ಪಟ್ಟಿಯಲ್ಲಿದ್ದರು. 2020ರ ಬೇಸಿಗೆಯಲ್ಲಿ ಮಾತು ಬದಲಿಸಿ ಸಾಕ್ಷಿಯಾದರು. ಅವರ ಮೇಲೆ ಆರೋಪ ಬರಲೇ ಇಲ್ಲ. ಅವರ ಹೇಳಿಕೆಯ ರೆಕಾರ್ಡಿಂಗ್‌ಗಳನ್ನು ಪೂರ್ತಿ ಕೊಡಲು ಪ್ರಾಸಿಕ್ಯೂಷನ್ ಹಿಂದೇಟು ಹಾಕಿದ್ದರಿಂದ, 2021ರ ಅಕ್ಟೋಬರ್‌ನಲ್ಲಿ ಕೋರ್ಟು ಒಂದಷ್ಟು ಆರೋಪಗಳನ್ನು ವಾಪಸ್ ಕಳಿಸಿತ್ತು.

2022ರ ನವೆಂಬರ್‌ನಲ್ಲಿ ಇನ್ನೊಂದು ಸಂಗತಿ ಹೊರಬಂತು. ಪೆರ್ಲಾಸ್ಕ ಅವರ ಆ ಹೇಳಿಕೆ ತಯಾರಾಗುವಾಗ ಫ್ರಾಂಚೆಸ್ಕ ಶಾವುಕಿ ಎಂಬ ಮಹಿಳೆ, ಪೆರ್ಲಾಸ್ಕ ಅವರಿಗೆ ಆಪ್ತರಾಗಿದ್ದ ಒಬ್ಬರ ಮೂಲಕ ಮಾರ್ಗದರ್ಶನ ಮಾಡಿದ್ದರು. ಶಾವುಕಿ ಹಿಂದೆ ವ್ಯಾಟಿಕನ್ ದಾಖಲೆ ಸೋರಿಕೆ ಪ್ರಕರಣದಲ್ಲಿ 2016ರಲ್ಲಿ ಶಿಕ್ಷೆಗೆ ಗುರಿಯಾದವರು. ಬೆಚ್ಚೂ ಮೇಲೆ ಅವರಿಗೆ ಸಿಟ್ಟಿತ್ತು. 2025ರಲ್ಲಿ ಇಟಲಿಯ ಪತ್ರಿಕೆಗಳು ಇದಕ್ಕೆ ಸಂಬಂಧಿಸಿದ ವಾಟ್ಸ್ಆ್ಯಪ್ ಸಂದೇಶಗಳನ್ನು ಪ್ರಕಟಿಸಿದವು. ಬೆಚ್ಚೂ ಕಡೆಯವರು ಪಿತೂರಿ ಎಂದರು. ಪೆರ್ಲಾಸ್ಕ ಮಾತಿನ ಮೇಲೆ ನಿಂತು ಶಿಕ್ಷೆ ಕೊಟ್ಟಿಲ್ಲ, ಕಾಗದಪತ್ರಗಳೇ ಸಾಕು ಎನ್ನುವುದು ತೀರ್ಪಿನ ನಿಲುವು. ಅದು ನಿಜವೇ ಇರಬಹುದು. ಆದರೆ ತನಿಖೆ ಹಿಡಿದ ದಾರಿ ಯಾರ ಕೈಬೆರಳು ತೋರಿಸಿದ್ದು ಎಂಬ ಪ್ರಶ್ನೆ ಅದರಿಂದ ಹೋಗುವುದಿಲ್ಲ.

ಹೊರಗಿನ ಕೋರ್ಟುಗಳೂ ಒಂದೇ ಮಾತು ಹೇಳಿಲ್ಲ. 2021ರಲ್ಲಿ ಲಂಡನ್ನಿನ ನ್ಯಾಯಾಧೀಶರೊಬ್ಬರು ಟೋರ್ಟ್ಸಿಯ ಖಾತೆಗಳ ಮೇಲಿನ ತಡೆ ತೆಗೆದು, ವ್ಯಾಟಿಕನ್ ಪ್ರಾಸಿಕ್ಯೂಟರ್‌ಗಳು ಸಂಗತಿಗಳನ್ನು ಮಂಡಿಸಿದ ರೀತಿಯನ್ನು ಕಟುವಾಗಿ ಟೀಕಿಸಿದರು. 2025ರ ಫೆಬ್ರವರಿಯಲ್ಲಿ ಲಂಡನ್ ಹೈಕೋರ್ಟು ಮಿಂಚೋನೆ ಹೂಡಿದ್ದ ಸಿವಿಲ್ ಮೊಕದ್ದಮೆಯಲ್ಲಿ ಅವರ ನಡತೆ ಪೂರ್ತಿ ಪ್ರಾಮಾಣಿಕವಾಗಿರಲಿಲ್ಲ ಎಂದಿತು. ತೀರ್ಪಿನ ಉಳಿದ ಭಾಗಗಳನ್ನು ಹಿಡಿದು ಮಿಂಚೋನೆಯೂ ಸಂಭ್ರಮಿಸಿದರು. ಎರಡೂ ಕಡೆಯವರು ತಾವೇ ಗೆದ್ದೆವು ಎಂದಾಗ ಏನಾಗಿದೆ ಎಂದು ಊಹಿಸಬಹುದು.

ಮೇಲ್ಮನವಿಯಲ್ಲಿ ತಿರುಗಿದ ಚಕ್ರ

ಬೆಚ್ಚೂ ಮತ್ತು ಉಳಿದವರು ಖುಲಾಸೆ ಕೇಳಿದರೆ, ಡಿಡ್ಡಿ ತಮಗೆ ಸಿಗದ ಭಾಗಕ್ಕಾಗಿ ಪ್ರತಿ-ಮೇಲ್ಮನವಿ ಹಾಕಿದ್ದರು. ಬೆಚ್ಚೂಗೆ ಅವರು ಮೊದಲು ಕೇಳಿದ್ದು ಏಳು ವರ್ಷ ಮೂರು ತಿಂಗಳು. ಆದರೆ ಆಕ್ಷೇಪಗಳನ್ನು ನಿಯಮದಂತೆ ಬಿಡಿಸಿ ಬರೆದಿಲ್ಲ ಎಂಬ ಕಾರಣಕ್ಕೆ ಮೇಲ್ಮನವಿ ಕೋರ್ಟು ಅವರ ಅರ್ಜಿಯನ್ನೇ ತಳ್ಳಿತು. 2026ರ ಜನವರಿಯಲ್ಲಿ ಅತ್ಯುನ್ನತ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಡಿಡ್ಡಿ ಪ್ರಕರಣದಿಂದ ಹಿಂದೆ ಸರಿದರು.

ಇದರ ಪರಿಣಾಮ ನೇರ. ಬೆಚ್ಚೂ ಶಿಕ್ಷೆ ಇನ್ನು ಜಾಸ್ತಿ ಆಗುವಂತಿಲ್ಲ. ಉಳಿಯಬಹುದು, ಕಡಿಮೆಯಾಗಬಹುದು, ಇಲ್ಲವೇ ಹೋಗಬಹುದು.

ರಹಸ್ಯ ಆದೇಶಗಳ ಪ್ರಶ್ನೆ ಇದಕ್ಕಿಂತ ದೊಡ್ಡದು. ಅವು ನ್ಯಾಯಯುತ ವಿಚಾರಣೆಗೆ ಧಕ್ಕೆ ತಂದವು ಎಂದು ಕೋರ್ಟು ಒಪ್ಪಿದರೆ, ಪೋಪ್ ಆದೇಶಕ್ಕೂ ಒಂದು ಮಿತಿ ಇದೆ ಎಂದು ಪೋಪ್ ಅವರದೇ ಕೋರ್ಟು ಹೇಳಿದಂತಾಗುತ್ತದೆ. ಹಾಗಾದರೆ ತನಿಖೆಯ ಹಂತಗಳು ಒಂದೊಂದಾಗಿ ಪ್ರಶ್ನೆಗೆ ಬರುತ್ತವೆ. ಬೆಚ್ಚೂ ಒಬ್ಬರಿಗಲ್ಲ, ಎಲ್ಲ ಆರೋಪಿಗಳಿಗೂ. ತೀರ್ಪಿನಲ್ಲಿ 16.6 ಕೋಟಿ ಯೂರೋ ಮುಟ್ಟುಗೋಲಿಗೆ ಆದೇಶವಿದೆ, ಅದರ ಗತಿಯೂ ತೂಗುತ್ತದೆ. ಕೋರ್ಟು ಒಪ್ಪದಿದ್ದರೆ ತೊಂದರೆ ಬೇರೆ ದೇಶಗಳಲ್ಲಿ. ಆರೋಪಿಗಳ ಆಸ್ತಿ ಇರುವುದು ವ್ಯಾಟಿಕನ್ ಹೊರಗೆ. ರಹಸ್ಯ ನಿಯಮಗಳಡಿ ಬಂದ ತೀರ್ಪನ್ನು ಜಾರಿಮಾಡಿ ಎಂದರೆ ಯುರೋಪಿನ ಕೋರ್ಟುಗಳು ತಕ್ಷಣ ತಲೆಯಾಡಿಸಲಿಕ್ಕಿಲ್ಲ.

ಹಣಕಾಸಿನ ಕಡೆ ಬದಲಾವಣೆ ತೀರ್ಪಿಗಾಗಿ ಕಾಯಲಿಲ್ಲ. 2020ರ ಡಿಸೆಂಬರ್‌ನಲ್ಲೇ ಫ್ರಾನ್ಸಿಸ್ ಸೆಕ್ರೆಟರಿಯೇಟ್‌ನ ಹೂಡಿಕೆಗಳನ್ನೆಲ್ಲ ಕಿತ್ತು, ಆಸ್ತಿ ನೋಡಿಕೊಳ್ಳುವ ‘ಅಪ್ಸ’ ಎಂಬ ಇಲಾಖೆಗೆ ಒಪ್ಪಿಸಿದರು. ಸೊಸ್ತಿತೂತೊ ಕುರ್ಚಿ ಈಗಲೂ ಇದೆ, ಅದರ ಕೆಳಗಿದ್ದ ತಿಜೋರಿ ಇಲ್ಲ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಗಟ್ಟಿಯಾಗಿ ನಿಂತ ಸುಧಾರಣೆ ಎಂದರೆ ಅದೊಂದೇ. ಅದಕ್ಕೆ ಯಾವ ಕೋರ್ಟೂ ಬೇಕಾಗಲಿಲ್ಲ.

ಪೋಪ್ ಲಿಯೊ ಧರ್ಮಸಭೆಯ ಕಾನೂನಿನಲ್ಲೇ ಡಾಕ್ಟರೇಟ್ ಮಾಡಿದವರು. ಬೇಕೆಂದರೆ ಒಂದು ಸಹಿಯಲ್ಲಿ ಕ್ಷಮಾದಾನ ಕೊಡಬಹುದು, ಬೆಚ್ಚೂಗೆ ಹಕ್ಕುಗಳನ್ನು ವಾಪಸ್ ಕೊಡಬಹುದು, ಕೊನೆಗೆ ಕಾನೂನನ್ನೂ ತಿದ್ದಬಹುದು. ಆದರೆ ಪ್ರಕರಣ ನಡೆಯುತ್ತಿರುವಾಗ ಪೋಪ್ ಕೈಹಾಕಿದರು ಎಂಬುದೇ ಇಲ್ಲಿ ಮೂಲ ದೂರು. ಕ್ಷಮಾದಾನ ಬೆಚ್ಚೂಗೂ ಬೇಕಿಲ್ಲ, ಅವರು ಕೇಳುತ್ತಿರುವುದು ನಿರಪರಾಧಿ ಎಂಬ ಮಾತು. ಮತದ ಹಕ್ಕಿನ ಪ್ರಶ್ನೆಗಾದರೆ ಒಂದು ಗಡುವು ಇದೆ. 2028ರ ಜೂನ್ 2ಕ್ಕೆ ಬೆಚ್ಚೂಗೆ 80 ತುಂಬುತ್ತದೆ. ಆಮೇಲೆ ಕೋರ್ಟು ಏನೇ ಹೇಳಲಿ, ಬೇರೆ ಯಾವುದೇ ಕಾರ್ಡಿನಲ್‌ನಂತೆ ಅವರಿಗೂ ಪೋಪ್ ಆಯ್ಕೆಯಲ್ಲಿ ಮತ ಇರುವುದಿಲ್ಲ.